ಹೊಸಿಲು ದಾಟುವ ಹೊತ್ತು

ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಶಿರಸಿಯಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಹುಟ್ಟಿದ ನಮ್ಮ ಮಗಳಿಗೆ ಮುಂದಿನ ವಾರ ವರ್ಷ ತುಂಬುತ್ತದೆ. ಹುಟ್ಟಿದ ದಿನದಿಂದ ಅವಳ ವಿಷಯವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಮೊನ್ನೆ ರಾತ್ರಿ ಅವಳು ಮಲಗಿದ ಮೇಲೆ ಅದನ್ನು ಮೊದಲ ಪುಟದಿಂದ ಓದಿದೆ. ಹುಟ್ಟಿದಾಗ 2.7 ಕೆ.ಜಿ. ಇದ್ದವಳು ನಾಲ್ಕೇ ದಿನಕ್ಕೆ ಎರಡೂವರೆ ಕೆ.ಜಿ.ಗೆ ಇಳಿದಿದ್ದು, ನನ್ನ ಹಾಲು ಸಾಲುತ್ತಿಲ್ಲವೆಂದು ನಾನು ಅತ್ತಿದ್ದು, ಒಂದೂವರೆ ತಿಂಗಳಿಗೆ ಬಚ್ಚಲಿನಲ್ಲಿ ಅಜ್ಜಿಯ ಕಾಲ ಮೇಲೆ ಮಲಗಿ ಮೊದಲ ಸಲ ನಕ್ಕಿದ್ದು, ನಾಲ್ಕೂವರೆ ತಿಂಗಳಿಗೆ ಕವುಚಿ ಬಿದ್ದಿದ್ದು, ಏಳು ತಿಂಗಳಿಗೆ ಯಾರೂ ಹಿಡಿಯದೆ ಕುಳಿತಿದ್ದು ಎಲ್ಲ ಅದರಲ್ಲಿದೆ. ಆದರೆ ಅಂಬೆಗಾಲಿಗೆಂದು ಬಿಟ್ಟಿದ್ದ ಪುಟ ಖಾಲಿಯಾಗಿಯೇ ಉಳಿದಿದೆ. ಅವಳು ಅಂಬೆಗಾಲಿಕ್ಕಲೇ ಇಲ್ಲ. ಒಂದು ಕಾಲು ಮಡಚಿ ಕುಳಿತು, ಇನ್ನೊಂದು ಕಾಲಿನಿಂದ ದೋಣಿಗೆ ಹುಟ್ಟು ಹಾಕಿದ ಹಾಗೆ ನೆಲವನ್ನು ತಳ್ಳುತ್ತ ಕುಳಿತಲ್ಲಿಂದಲೇ ಸರಿಯುತ್ತಾಳೆ. ಈಗ ಜಗುಲಿಯ ಕಂಬ ಹಿಡಿದು ಎದ್ದು ನಿಲ್ಲುತ್ತಾಳೆ, ಆದರೆ ಹೆಜ್ಜೆ ಕಿತ್ತಿಡುವುದಿಲ್ಲ. ತೂಕ 8.3 ಕೆ.ಜಿ. ಇದೆ. ಕರೆದರೆ ತಿರುಗುತ್ತಾಳೆ, ದೇವರ ಮನೆಯ ಗಂಟೆ ಕಡೆ ಬೆರಳು ತೋರಿಸುತ್ತಾಳೆ, ಅಡಿಕೆ ಸುಲಿಯುವಾಗ ಚಾಪೆಯ ಮೇಲೆ ಬಿದ್ದ ಚೂರನ್ನು ಎರಡೇ ಬೆರಳಿನಲ್ಲಿ ಹೆಕ್ಕುತ್ತಾಳೆ.

ನನ್ನ ನಾದಿನಿಯ ಮಗ ಹತ್ತನೆಯ ತಿಂಗಳಿಗೇ ನಡೆದಿದ್ದ. ಮನೆಗೆ ಬಂದವರೆಲ್ಲ ಆ ಲೆಕ್ಕ ತೆಗೆಯುತ್ತಾರೆ. ಅಂಬೆಗಾಲಿಕ್ಕದ ಮಕ್ಕಳು ಮುಂದೆ ಓದು ಬರಹದಲ್ಲಿ ಹಿಂದೆ ಬೀಳುತ್ತಾರೆಂದು ಒಬ್ಬರು ಹೇಳಿದರು. ನನ್ನ ಅಣ್ಣ ಹುಬ್ಬಳ್ಳಿಯಿಂದ ವಾಕರ್ ತಂದುಕೊಟ್ಟಿದ್ದಾನೆ. ಅವಳಿಗೆ ಆರು ತಿಂಗಳಾಗುತ್ತಿದ್ದಂತೆ ನಾನು ತೋಟದ ಕೆಲಸಕ್ಕೆ ಇಳಿದೆ, ಮಳೆಗಾಲ ಪೂರ್ತಿ ಅವಳು ಅಜ್ಜಿಯ ಮಡಿಲಲ್ಲೇ ಬೆಳೆದಳು. ನನ್ನಿಂದಲೇ ಹೀಗಾಯಿತೇ?

– ಓದುಗಿ, ಶಿರಸಿ ತಾಲೂಕು

ಉತ್ತರ: ನಿಮ್ಮಿಂದ ಏನೂ ಕೆಟ್ಟಿಲ್ಲ, ಮಗಳ ಬೆಳವಣಿಗೆಯಲ್ಲಿ ನೀವು ಬರೆದಿರುವ ಮಟ್ಟಿಗೆ ಯಾವ ಕೊರತೆಯೂ ನನಗೆ ಕಾಣುತ್ತಿಲ್ಲ. ಹೀಗೆ ಹೇಳುವುದಕ್ಕೆ ಆಧಾರ ನಿಮ್ಮ ಪತ್ರದಲ್ಲೇ ಇದೆ, ಅದೂ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿಯಲ್ಲಿದೆ. ಆದ್ದರಿಂದ ಕಾಲಿನ ಮಾತನ್ನು ಸ್ವಲ್ಪ ಬದಿಗಿಟ್ಟು ಬೆರಳುಗಳಿಂದ ಆರಂಭಿಸುತ್ತೇನೆ.

ಅಡಿಕೆ ಚೂರನ್ನು ಹೆಕ್ಕುವಾಗ ಅವಳ ಕೈಯನ್ನು ಹತ್ತಿರ ಕುಳಿತು ನೋಡಿ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಮಾತ್ರ ಕೂಡುತ್ತವೆ, ಉಳಿದ ಮೂರು ಬೆರಳುಗಳು ಹಿಂದಕ್ಕೆ ಸರಿದು ದಾರಿ ಬಿಡುತ್ತವೆ, ಕಣ್ಣು ಆ ಚೂರನ್ನು ಬಿಟ್ಟು ಕದಲುವುದಿಲ್ಲ. ಆರು ತಿಂಗಳಿದ್ದಾಗ ಇದೇ ಮಗು ಅದೇ ಚೂರನ್ನು ಇಡೀ ಅಂಗೈಯಿಂದ ಬಾಚಲು ನೋಡಿರುತ್ತದೆ, ಚೂರು ಕೈಗೆ ಸಿಕ್ಕಿರುವುದಿಲ್ಲ. ಈ ಎರಡು ದಿನಗಳ ನಡುವೆ ಅವಳ ಮಿದುಳಿನಲ್ಲಿ ಎಷ್ಟೋ ಕೆಲಸ ನಡೆದಿದೆ. ನರತಂತುಗಳ ಸುತ್ತ ಕೊಬ್ಬಿನಂಥ ಒಂದು ಹೊದಿಕೆ ಕೂಡಿಬಂದ ಹಾಗೆಲ್ಲ ಮಿದುಳಿನ ಆದೇಶ ಬೇಗ ಮತ್ತು ಖಚಿತವಾಗಿ ಸ್ನಾಯುವನ್ನು ಮುಟ್ಟುತ್ತದೆ. ಮೈಯ ಮೇಲಿನ ಹಿಡಿತ ತಲೆಯಿಂದ ಕೆಳಕ್ಕೆ ಮತ್ತು ಮೈಯ ನಡುವಿನಿಂದ ಹೊರಕ್ಕೆ ಹರಡುತ್ತ ಹೋಗುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಭುಜ, ಬೆನ್ನು, ಸೊಂಟ, ಕಡೆಗೆ ಕಾಲು. ಹಾಗೆಯೇ ಮೊದಲು ತೋಳು ಬೀಸುವುದು, ಆಮೇಲೆ ಅಂಗೈಯಿಂದ ಹಿಡಿಯುವುದು, ಕಡೆಗೆ ಬೆರಳ ತುದಿ. ನಿಮ್ಮ ನೋಟ್‌ಬುಕ್ಕಿನ ಪುಟಗಳನ್ನು ಇನ್ನೊಮ್ಮೆ ತಿರುವಿದರೆ ಈ ಕ್ರಮ ತಪ್ಪದೆ ಕಾಣುತ್ತದೆ. ಹುಟ್ಟಿದಾಗ ಸುಮಾರು 34 ಸೆಂಟಿಮೀಟರ್ ಇರುವ ಮಗುವಿನ ತಲೆಯ ಸುತ್ತಳತೆ ಒಂದು ವರ್ಷದಲ್ಲಿ 10ರಿಂದ 12 ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಬದುಕಿನ ಮತ್ತಾವ ವರ್ಷದಲ್ಲೂ ಅದು ಅಷ್ಟು ಬೆಳೆಯುವುದಿಲ್ಲ.

ಆ ಚೂರಿನ ವಿಷಯದಲ್ಲೇ ಒಂದು ಮಾತನ್ನು ಬಿಗಿಯಾಗಿ ಹೇಳಬೇಕಾಗಿದೆ. ಎರಡು ಬೆರಳಿನಲ್ಲಿ ಹೆಕ್ಕಿದ್ದು ಮರುಗಳಿಗೆಗೆ ಬಾಯಿಗೆ ಹೋಗುತ್ತದೆ. ಅಡಿಕೆ ಚೂರು, ಶೇಂಗಾ, ಹುಣಸೆ ಬೀಜ, ಗುಂಡಿ ಇವು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುವುದು ಈ ವಯಸ್ಸಿನಲ್ಲೇ ಹೆಚ್ಚು. ಕೊನೆಕೊಯ್ಲು ಶುರುವಾಗಿ ಜಗುಲಿಯ ತುಂಬ ಅಡಿಕೆ ಬೀಳುವ ದಿನಗಳಿವು. ಸುಲಿಯುವ ಜಾಗವನ್ನೂ ಮೆಟ್ಟುಗತ್ತಿಯನ್ನೂ ಮಗುವಿನಿಂದ ಬೇರೆ ಮಾಡಿ, ಬೆರಳಿಗೆ ಬೇಕಾದ ಕೆಲಸವನ್ನು ತಟ್ಟೆಯಲ್ಲಿ ನಾಲ್ಕು ಮೆತ್ತನೆಯ ಅನ್ನದ ಅಗುಳು ಅಥವಾ ಬಾಳೆಹಣ್ಣಿನ ಸಣ್ಣ ತುಣುಕು ಇಟ್ಟು ಕೊಡಿ.

ಇನ್ನು ಖಾಲಿ ಪುಟದ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕ ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ, ಕೂರುವುದರಿಂದ ಹಿಡಿದು ತಾನಾಗಿ ನಡೆಯುವುದರವರೆಗಿನ ಆರು ಮೈಲಿಗಲ್ಲುಗಳ ಕಾಲವನ್ನು 2006ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಒಬ್ಬರೇ ನಿಲ್ಲುವುದು 6.9ರಿಂದ 16.9 ತಿಂಗಳ ನಡುವೆ, ಒಬ್ಬರೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಹತ್ತನೆಯ ತಿಂಗಳಿಗೆ ನಡೆದ ನಿಮ್ಮ ನಾದಿನಿಯ ಮಗನೂ, ಹದಿನಾರನೆಯ ತಿಂಗಳಿಗೆ ನಡೆಯುವ ಇನ್ನೊಂದು ಮಗುವೂ ಒಂದೇ ಗೆರೆಯ ಒಳಗಿನವರು. ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಆ ಆರೋಗ್ಯವಂತ ಮಕ್ಕಳಲ್ಲೇ ನೂರಕ್ಕೆ ನಾಲ್ಕರಷ್ಟು ಮಕ್ಕಳು ಕೈ ಮತ್ತು ಮಂಡಿಯೂರಿ ಅಂಬೆಗಾಲಿಕ್ಕಲೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2022ರಲ್ಲಿ ತನ್ನ ಬೆಳವಣಿಗೆಯ ಪಟ್ಟಿಯನ್ನು ಪರಿಷ್ಕರಿಸಿದಾಗ ಅಂಬೆಗಾಲನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಅಂಬೆಗಾಲಿಕ್ಕದ ಮಗು ಓದು ಬರಹದಲ್ಲಿ ಹಿಂದೆ ಬೀಳುತ್ತದೆಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ನಿಮ್ಮ ಮಗಳ ಹಾಗೆ ಕುಳಿತೇ ಸರಿಯುವ ಮಕ್ಕಳು ಸಾಮಾನ್ಯವಾಗಿ ಎದ್ದು ನಡೆಯುವುದು ತುಸು ತಡವಾಗುತ್ತದೆ. ಎಷ್ಟೋ ಮನೆಗಳಲ್ಲಿ ತಂದೆಯೋ ತಾಯಿಯೋ ಚಿಕ್ಕಂದಿನಲ್ಲಿ ಹಾಗೆಯೇ ಸರಿದಿರುತ್ತಾರೆ. ನಿಮ್ಮ ತಾಯಿಯನ್ನೂ ಅತ್ತೆಯವರನ್ನೂ ಒಮ್ಮೆ ಕೇಳಿ ನೋಡಿ.

ಮಳೆಗಾಲದ ಬಗ್ಗೆ ನೀವು ಬರೆದದ್ದನ್ನು ಓದಿ ನಾನು ತುಸು ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ಅದು ಈ ಜಿಲ್ಲೆಯ ಎಲ್ಲ ಮನೆಗಳ ಮಾತು. ನವೆಂಬರಿನಲ್ಲಿ ಹುಟ್ಟಿದ ಮಗುವಿಗೆ ಏಳು ತಿಂಗಳಾಗುವ ಹೊತ್ತಿಗೆ ಸರಿಯಾಗಿ ಜೂನ್ ಬರುತ್ತದೆ. ಘಟ್ಟದ ಮೇಲಿನ ಮನೆಗಳಲ್ಲಿ ಆ ನಾಲ್ಕು ತಿಂಗಳು ಗಾರೆ ನೆಲ ಬೆವರುತ್ತದೆ, ಬಟ್ಟೆ ಒಲೆಯ ಮೇಲೆ ಒಣಗಬೇಕಾಗುತ್ತದೆ, ಮಗುವನ್ನು ನೆಲಕ್ಕೆ ಬಿಟ್ಟರೆ ಶೀತವಾದೀತೆಂಬ ಭಯಕ್ಕೆ ಅದು ತೊಟ್ಟಿಲಿನಿಂದ ಕಂಬಳಿಗೆ, ಕಂಬಳಿಯಿಂದ ಮಡಿಲಿಗೆ ಸಾಗುತ್ತಿರುತ್ತದೆ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು ಮಾಡಿದ ಒಂದು ಅಧ್ಯಯನದಲ್ಲಿ, ತೆವಳುವ ವಯಸ್ಸು ಚಳಿಗಾಲದಲ್ಲಿ ಬಂದ ಮಕ್ಕಳು ಬೇಸಿಗೆಯಲ್ಲಿ ಬಂದ ಮಕ್ಕಳಿಗಿಂತ ಸುಮಾರು ನಾಲ್ಕು ವಾರ ತಡವಾಗಿ ತೆವಳಲು ಕಲಿತದ್ದು ಕಂಡಿತ್ತು. ಅಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ಮಳೆ ಮಾಡಿರಬಹುದು ಎಂಬುದು ನನ್ನ ಅಭಿಪ್ರಾಯ. ಅಜ್ಜಿಯ ಮಡಿಲು ಮಗುವಿಗೆ ಮಾತನ್ನೂ ನಗುವನ್ನೂ ಬೆರಳು ತೋರಿಸುವುದನ್ನೂ ಕಲಿಸಿದೆ. ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುವಾಗ ಅದು ತಲೆಯೆತ್ತಿ ಹಂಡೆಯ ಒಲೆಯ ಬೆಂಕಿಯನ್ನು ನೋಡುತ್ತದಲ್ಲ, ಕತ್ತಿಗೂ ಬೆನ್ನಿಗೂ ಅದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನು ಹೇಳಿಕೊಡಲಾರೆ. ಈಗ ಮಳೆ ಬಿಟ್ಟಿದೆ, ನೆಲ ಒಣಗಿದೆ. ದಿನಕ್ಕೆ ನಾಲ್ಕಾರು ಸಲ ಅವಳನ್ನು ಬರಿಗಾಲಿನಲ್ಲಿ ನೆಲಕ್ಕೆ ಬಿಡಿ. ಕಂಬದಿಂದ ಒಂದು ಮೊಳ ದೂರದಲ್ಲಿ ಮಣೆಯೊಂದನ್ನಿಟ್ಟು ಅದರ ಮೇಲೆ ಅವಳಿಗೆ ಇಷ್ಟವಾದ ಲೋಟವನ್ನಿಡಿ. ಒಂದು ಕೈ ಕಂಬದಲ್ಲಿರುವಾಗಲೇ ಇನ್ನೊಂದು ಕೈ ಲೋಟದತ್ತ ಚಾಚುತ್ತದೆ. ಬದಿಗೆ ಇಡುವ ಮೊದಲ ಹೆಜ್ಜೆ ಅಲ್ಲೇ ಹುಟ್ಟುತ್ತದೆ.

ವಾಕರನ್ನು ದಯವಿಟ್ಟು ಬಳಸಬೇಡಿ. ನಿಮ್ಮ ಅಣ್ಣ ಪ್ರೀತಿಯಿಂದಲೇ ತಂದಿದ್ದಾರೆ, ಅವರಿಗೆ ನೋವಾಗದ ಹಾಗೆ ಹೇಳಿ. ಅದರಲ್ಲಿ ಕುಳಿತ ಮಗು ಕಾಲ್ಬೆರಳ ತುದಿಯಿಂದ ನೆಲವನ್ನು ನೂಕುತ್ತದೆಯೇ ಹೊರತು ಮೈಭಾರವನ್ನು ಹೊರುವುದನ್ನೂ ಸಮತೋಲವನ್ನೂ ಕಲಿಯುವುದಿಲ್ಲ. ನಡಿಗೆ ಬೇಗ ಬರುವ ಬದಲು ತಡವಾಗುವ ಸಾಧ್ಯತೆಯೇ ಹೆಚ್ಚು. ಎತ್ತರದ ಹೊಸಿಲು ಮತ್ತು ಜಗುಲಿಯ ಮೆಟ್ಟಿಲುಗಳಿರುವ ನಮ್ಮ ಮನೆಗಳಲ್ಲಿ ಅದು ಮಗುಚಿ ತಲೆಗೆ ಪೆಟ್ಟಾಗುವುದು ಇನ್ನೂ ಸುಲಭ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ.

ನಿಮ್ಮ ತೂಕದ ಲೆಕ್ಕವೂ ಸರಿಯಾಗಿದೆ. ಮೊದಲ ವಾರದಲ್ಲಿ ಹುಟ್ಟುತೂಕದ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಿ ಬರುತ್ತದೆ. ನೀವು ಅತ್ತ ಆ ದಿನ ಯಾರಾದರೂ ಇಷ್ಟನ್ನು ನಿಮಗೆ ಹೇಳಬೇಕಿತ್ತು. ಐದು ತಿಂಗಳ ಹೊತ್ತಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಎಂಬುದು ಸಾಮಾನ್ಯ ಅಂದಾಜು. 2.7ರ ಮೂರು ಪಟ್ಟು 8.1. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಅವಳ ಗೆರೆ ಹಸಿರು ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿದೆಯೇ ಎಂದು ಅಂಗನವಾಡಿಯಲ್ಲಿ ಒಮ್ಮೆ ನೋಡಿಸಿ. ಆರು ತಿಂಗಳಾದ ಮೇಲೆ ಎದೆಹಾಲಿನ ಕಬ್ಬಿಣಾಂಶ ಮಗುವಿಗೆ ಸಾಲದು. ರಕ್ತಹೀನತೆಯಿರುವ ಮಗು ಬೇಗ ದಣಿಯುತ್ತದೆ, ಆಟದಲ್ಲೂ ಕಲಿಕೆಯಲ್ಲೂ ಮಂಕಾಗುತ್ತದೆ. ರಾಗಿ ಮಣ್ಣಿಯ ಜೊತೆಗೆ ಬೇಳೆ ಮತ್ತು ಸೊಪ್ಪು ಕೊಡಿ, ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಮನೆಯಲ್ಲಿ ತಿನ್ನುವ ರೂಢಿಯಿದ್ದರೆ ಮೊಟ್ಟೆ, ಮುಳ್ಳು ತೆಗೆದ ಮೀನು ಆಗುತ್ತದೆ. ಆಶಾ ಕಾರ್ಯಕರ್ತೆಯರ ಮೂಲಕ ಸಿಗುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ 1 ಮಿಲಿಲೀಟರಿನಂತೆ ಕೊಡಬಹುದು.

ಹಾಗಾದರೆ ಕಾಯಬಾರದ್ದು ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ, ಏಕೆಂದರೆ ಈ ಅಂಕಣವನ್ನು ಓದುವ ಮತ್ತೊಬ್ಬ ತಾಯಿಗೆ ನನ್ನ ಸಮಾಧಾನದ ಮಾತು ತಪ್ಪಾಗಿ ಮುಟ್ಟಬಾರದು. ಮೂರು ತಿಂಗಳಾದರೂ ಮುಖ ನೋಡಿ ನಗದ ಮಗುವನ್ನು, ಐದು ತಿಂಗಳಾದರೂ ಕತ್ತು ನಿಲ್ಲದ ಮಗುವನ್ನು, ಹತ್ತು ತಿಂಗಳಾದರೂ ಆಧಾರವಿಲ್ಲದೆ ಕೂರದ ಮಗುವನ್ನು, ವರ್ಷವಾದರೂ ಹಿಡಿದುಕೊಂಡು ನಿಲ್ಲದ ಅಥವಾ ಹೆಸರು ಕರೆದರೆ ತಿರುಗದ ಮಗುವನ್ನು ವೈದ್ಯರಿಗೆ ತೋರಿಸಬೇಕು. ಮೈ ವಿಪರೀತ ಬಿಗಿಯಾಗಿದ್ದರೆ ಅಥವಾ ಎತ್ತಿಕೊಂಡಾಗ ಜೋತುಬೀಳುವಷ್ಟು ಸಡಿಲವಾಗಿದ್ದರೆ, ವರ್ಷದೊಳಗೇ ಯಾವಾಗಲೂ ಒಂದೇ ಕೈ ಬಳಸುತ್ತ ಇನ್ನೊಂದನ್ನು ಮುಚ್ಚಿಕೊಂಡೇ ಇದ್ದರೆ, ಅದನ್ನು ಎಡಚನೆಂದೋ ಬಲಗೈಯವನೆಂದೋ ಬಿಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಕಲಿತದ್ದನ್ನು ಮಗು ಮರೆಯತೊಡಗಿದರೆ, ಅಂದರೆ ಕೂರುತ್ತಿದ್ದದ್ದು ಕೂರದಾದರೆ, ಆಡುತ್ತಿದ್ದ ಶಬ್ದಗಳು ನಿಂತುಹೋದರೆ, ಅದೇ ವಾರ ಹೊರಡಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಲೆಕ್ಕ ಮಾತ್ರ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಹತ್ತು ತಿಂಗಳಾದಾಗ ಅದನ್ನು ಎಂಟು ತಿಂಗಳ ಮಗುವೆಂದೇ ಎಣಿಸಬೇಕು, ಎರಡು ವರ್ಷದವರೆಗೂ ಹೀಗೆಯೇ. ನಿಮ್ಮ ಮಗಳಲ್ಲಿ ಈ ಯಾವುದೂ ಇಲ್ಲ. ಹದಿನೆಂಟು ತಿಂಗಳು ತುಂಬಿದರೂ ಅವಳು ಸ್ವತಃ ನಡೆಯದಿದ್ದರೆ ಮಾತ್ರ ತೋರಿಸಿ.

ಆ ಖಾಲಿ ಪುಟದಲ್ಲಿ ಅವಳು ಕುಳಿತು ಸರಿಯುವ ರೀತಿಯನ್ನು ಬರೆಯಿರಿ. ಹೊಸಿಲು ದಾಟಿದ ದಿನ ಮಗುವಿಗೆ ಸಿಹಿ ಮಾಡುವ ಪದ್ಧತಿ ನಿಮ್ಮಲ್ಲೂ ಇದೆಯಲ್ಲವೇ? ಅವಳು ಯಾವ ರೀತಿಯಲ್ಲಿ ದಾಟಿದರೂ ಅದು ದಾಟಿದ್ದೇ.

ಪ್ರಶ್ನೆ: ನಾವು ಕಾರವಾರದವರು. ಹೆಂಡತಿಯ ಮನೆಮಾತು ಕೊಂಕಣಿ, ನನ್ನದು ಕನ್ನಡ. ಅಕ್ಕಪಕ್ಕದ ನೌಕಾನೆಲೆಯ ಕುಟುಂಬಗಳವರು ಹಿಂದಿಯಲ್ಲಿ ಮಾತನಾಡಿಸುತ್ತಾರೆ. ಮಗನಿಗೆ ಹನ್ನೊಂದು ತಿಂಗಳಾದರೂ ಒಂದು ಶಬ್ದವನ್ನೂ ಸ್ಪಷ್ಟವಾಗಿ ಆಡಿಲ್ಲ. ಎರಡು ಮೂರು ಭಾಷೆ ಕೇಳಿ ಗಲಿಬಿಲಿಯಾಗಿದೆ, ಒಂದನ್ನು ನಿಲ್ಲಿಸಿ ಎನ್ನುತ್ತಾರೆ. ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸಿದರೆ ನಾಲಿಗೆ ತಿರುಗುತ್ತದೆಂದು ಹಿರಿಯರು ಹೇಳುತ್ತಾರೆ. ಏನು ಮಾಡಲಿ?

– ಓದುಗ, ಕಾರವಾರ

ಉತ್ತರ: ಯಾವ ಭಾಷೆಯನ್ನೂ ನಿಲ್ಲಿಸಬೇಡಿ. ಎರಡು ಭಾಷೆ ಕೇಳುತ್ತ ಬೆಳೆಯುವ ಮಗು ತೊದಲುವುದೂ ಮೊದಲ ಶಬ್ದ ಆಡುವುದೂ ಒಂದೇ ಭಾಷೆಯ ಮನೆಯ ಮಗುವಿನ ಕಾಲಕ್ಕೇ. ಒಂದು ವಸ್ತುವಿಗೆ ಕೊಂಕಣಿಯ ಶಬ್ದವನ್ನೂ ಇನ್ನೊಂದಕ್ಕೆ ಕನ್ನಡದ ಶಬ್ದವನ್ನೂ ಬಳಸಬಹುದು, ಎರಡನ್ನೂ ಕೂಡಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ತಾಯಿ ಮಗುವಿನೊಡನೆ ತನಗೆ ಒಗ್ಗದ ಭಾಷೆಯಲ್ಲಿ ಅಳೆದು ಸುರಿದು ಮಾತನಾಡುವುದಕ್ಕಿಂತ ಕೊಂಕಣಿಯಲ್ಲಿ ತುಂಬು ಮಾತನಾಡುವುದೇ ಒಳ್ಳೆಯದು. ಹನ್ನೊಂದು ತಿಂಗಳಿಗೆ ಸ್ಪಷ್ಟ ಶಬ್ದ ಬರದಿರುವುದು ತಡವೂ ಅಲ್ಲ.

ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಿ, ಮಗುವಿನ ಸ್ನಾಯುಗಳ ಬಲವನ್ನೇ ಕುಂದಿಸಬಲ್ಲವು. ನಮ್ಮ ಕಾಡಿನ ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಅಪಾಯ ತಪ್ಪುವುದಿಲ್ಲ. ಬಜೆಯಿಂದ ಮಾತು ಬೇಗ ಬರುತ್ತದೆಂಬುದಕ್ಕೂ ಆಧಾರವಿಲ್ಲ, ಅದನ್ನೂ ಬಿಡಿ.

ಆದರೆ ನೀವು ಬರೆಯದ ಒಂದು ಸಂಗತಿ ನನಗೆ ತಿಳಿಯಬೇಕು. ಅವನು ಬಬಬ, ದದದ, ಮಮಮ ಎಂದು ಅಕ್ಷರಗಳನ್ನು ಕೋದು ಆಡುತ್ತಾನೆಯೇ? ಇದನ್ನು ಇಷ್ಟು ಒತ್ತಿ ಕೇಳುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ವೃತ್ತಿಯ ಆರಂಭದಲ್ಲಿ, ಕರಾವಳಿಯ ಒಂದು ಊರಿನಲ್ಲಿದ್ದಾಗ, ಮೀನುಗಾರರ ಕುಟುಂಬದ ತಾಯಿಯೊಬ್ಬಳು ಹತ್ತು ತಿಂಗಳ ಮಗನನ್ನು ಕರೆತಂದು, ಇವನು ಮೊದಲು ಗುಳುಗುಳು ಎನ್ನುತ್ತಿದ್ದ, ಈಗ ಸುಮ್ಮನಾಗಿದ್ದಾನೆ ಎಂದಳು. ನಾನು ಅವನ ಹಿಂದೆ ನಿಂತು ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬೀಳಿಸಿದೆ, ಅವನು ತಿರುಗಿದ, ಕಿವಿ ಸರಿಯಿದೆ, ಕಾಯಿರಿ ಎಂದು ಕಳಿಸಿಬಿಟ್ಟೆ. ಎರಡು ವರ್ಷ ಕಳೆದ ಮೇಲೆ ಅವನಿಗೆ ಎರಡೂ ಕಿವಿ ಕೇಳಿಸುವುದಿಲ್ಲವೆಂದು ಪರೀಕ್ಷೆಯಿಂದ ಗೊತ್ತಾಯಿತು. ಅಂದು ಅವನು ತಿರುಗಿದ್ದು ನೆಲದ ಅದುರಿಗೋ ನನ್ನ ನೆರಳಿಗೋ ಇರಬೇಕು. ಕಿವಿ ಕೇಳಿಸದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳ ಹಾಗೆಯೇ ಗುಳುಗುಟ್ಟುತ್ತದೆ, ತನ್ನ ದನಿಯೂ ಇತರರ ದನಿಯೂ ಕಿವಿಗೆ ಬೀಳದಿರುವುದರಿಂದ ಆರೇಳು ತಿಂಗಳಾದ ಮೇಲೆ ಅದು ಸೊರಗುತ್ತದೆ. ತಾಯಿ ನನಗೆ ಹೇಳಿದ್ದು ಇದನ್ನೇ. ನಾನು ಅವಳ ಮಾತಿಗಿಂತ ನನ್ನ ತಟ್ಟೆಯನ್ನು ನಂಬಿದೆ.

ಆದ್ದರಿಂದ ನಿಮ್ಮ ಮಗ ಅಕ್ಷರ ಕೋದು ಆಡುತ್ತಿದ್ದರೆ, ಬೇಡವೆಂದಾಗ ಕೈ ತಡೆಯುತ್ತಿದ್ದರೆ, ಟಾಟಾ ಮಾಡುತ್ತಿದ್ದರೆ ಮತ್ತು ಹೆಸರಿಗೆ ತಿರುಗುತ್ತಿದ್ದರೆ ನಿಶ್ಚಿಂತರಾಗಿರಿ. ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಅನುಮಾನವಿದ್ದರೆ ಮನೆಯಲ್ಲಿ ಪಾತ್ರೆ ಬಡಿದು ನೋಡುತ್ತ ದಿನ ಕಳೆಯದೆ ಉಪಕರಣದಿಂದ ಕಿವಿಯ ಪರೀಕ್ಷೆ ಮಾಡಿಸಿ. ಸಣ್ಣದೊಂದು ನಳಿಕೆಯನ್ನು ಕಿವಿಯಲ್ಲಿಟ್ಟು, ಮಗು ಮಲಗಿರುವಾಗಲೇ ಕೆಲವು ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆಯದು, ನೋವಿರುವುದಿಲ್ಲ. ಹುಟ್ಟಿದ ಪ್ರತಿ ಮಗುವಿಗೂ ಒಂದು ತಿಂಗಳೊಳಗೆ ಅದನ್ನು ಮಾಡಬೇಕು, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತಪಡಿಸಿ ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭಿಸಬೇಕೆಂಬುದು ಇಂದು ಒಪ್ಪಿತವಾದ ಕ್ರಮ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕಿವುಡುತನವೂ ಸೇರಿದೆ. ಅಂಗನವಾಡಿಗೆ ಬರುವ ಅದರ ತಂಡವನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಲ್ಲಿಂದ ಒಂದು ರಾತ್ರಿಯ ಪ್ರಯಾಣವಾದರೂ, ಸಂದೇಹ ಉಳಿದರೆ ಅಲ್ಲಿಗೆ ಹೋಗಿಬರುವುದು ಸಾರ್ಥಕ. ಹೋಗುವಾಗ ತಾಯಿ ಕಾರ್ಡನ್ನೂ, ಅವನು ಮನೆಯಲ್ಲಿ ತಾನಾಗಿ ಆಡುವ ಶಬ್ದಗಳನ್ನು ಮೊಬೈಲಿನಲ್ಲಿ ಎರಡು ನಿಮಿಷ ಮುದ್ರಿಸಿಕೊಂಡು ಅದನ್ನೂ ಒಯ್ಯಿರಿ. ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡುವುದಿಲ್ಲ.